ಐವತ್ತೇಳು ಇಂಚಿನ ಅಣ್ಣಯ್ಯ

ಅವರು ತೀರಿಕೊಂಡ ದಿನ ಮನೆಯವರಿಗೆ ಇದ್ದ ದೊಡ್ಡ ಗೊಂದಲ ಟೋಪಿಯದು. ಅಗಲ ಅಂಚಿನ, ಬಿಸಿಲಿಗೆ ಬಣ್ಣ ಹೋದ ಆಫ್ರಿಕಾದ ಟೋಪಿ. ಅದನ್ನು ಹಾಕಿ ಸುಡುವುದೋ, ತೆಗೆದು ಸುಡುವುದೋ? ಭಟ್ಟರನ್ನು ಕೇಳಿದರೆ, "ಶಾಸ್ತ್ರದಲ್ ಟೋಪಿ ವಿಷಯ ಇಲ್ಲೆ, ನಿಮ್ಗ್ ಹ್ಯಾಂಗ್ ಕಾಂತ್ತೋ ಹಾಂಗ್ ಮಾಡಿ" ಎಂದುಬಿಟ್ಟರು. ಕೊನೆಗೆ ಅವರ ತಂಗಿ, "ಅಣ್ಣಯ್ಯ ಟೋಪಿ ಇಲ್ದೆ ಗೇಟ್ ದಾಟಿದ್ ನಾ ಕಾಣ್ಲಿಲ್ಲ, ಇರ್ಲಿ" ಎಂದರು. ಬೆಂಕಿ ಇಡುವ ಹೊತ್ತಿಗೆ ಕಡಲ ಕಡೆಯಿಂದ ಗಾಳಿ ಬಂದು ಟೋಪಿ ಹಾರಿ ಪಕ್ಕದ ಗದ್ದೆಗೆ ಬಿತ್ತು. ಹೆಣ ಸುಡಲು ಬಂದವರಲ್ಲಿ ಅರ್ಧ ಜನ ಟೋಪಿಯ ಹಿಂದೆ ಓಡಿದರು. ಅವರ ಇಡೀ ಬದುಕು ಇದೇ ಧಾಟಿಯದು. ಎಲ್ಲಿ ಗಂಭೀರವಾಗಿರಬೇಕೋ ಅಲ್ಲಿ ಏನಾದರೊಂದು ಹಾರುತ್ತಿತ್ತು.

ಅವರ ಹೆಸರು ನಾನಿಲ್ಲಿ ಬರೆಯುವುದಿಲ್ಲ. ಬರೆದರೂ ಊರಿನ ಹೆಚ್ಚಿನವರಿಗೆ ಯಾರೆಂದು ಗೊತ್ತಾಗಲಿಕ್ಕಿಲ್ಲ. ಎಲ್ಲರಿಗೂ ಅವರು ಕೋಡಿನ ಅಣ್ಣಯ್ಯ. ಸಣ್ಣ ಪ್ರಾಯದಲ್ಲಿ ಮುಂಬಯಿಯ ಹೋಟೆಲಿನ ಅಡುಗೆಮನೆಗೆ ಸೇರಿದವರು, ಅಲ್ಲಿಂದ ಯಾರದೋ ಕೈ ಹಿಡಿದು ಆಫ್ರಿಕಾಕ್ಕೆ ಹೋದರು. ಅಲ್ಲಿ ಒಂದು ಬೇಟೆಯ ತೋಟ. ನಮ್ಮಲ್ಲಿ ಬೇಟೆ ಎಂದರೆ ಜೈಲು. ಅಲ್ಲಿ ದುಡ್ಡಿದ್ದವರು ವಿಮಾನ ಹತ್ತಿ ಬಂದು, ಪರವಾನಗಿ ತೆಗೆದು, ದೊಡ್ಡ ಕೋಡಿನ ಹುಲ್ಲೆಗಳನ್ನು ಹೊಡೆದು, ತಲೆಯನ್ನು ಗೋಡೆಗೆ ಹಾಕಲು ಒಯ್ಯುತ್ತಾರಂತೆ. ಕೋಡು ಉದ್ದ ಇದ್ದರೆ ಹೆಸರು, ಗಿಡ್ಡ ಇದ್ದರೆ ನಗೆಪಾಟಲು. ಹಾಗಾಗಿ ಗುಂಡು ಹಾರುವ ಮೊದಲು, ದೂರದಲ್ಲಿ ನಿಂತ ಪ್ರಾಣಿಯ ಕೋಡು ಎಷ್ಟು ಇಂಚು ಎಂದು ಹೇಳುವವನೊಬ್ಬ ಬೇಕು. ಅಣ್ಣಯ್ಯನ ಕೆಲಸ ಅದು. ಅಡುಗೆಗೆಂದು ಹೋದವರು ಆ ಕೆಲಸಕ್ಕೆ ಬಂದದ್ದು ಹೇಗೆ ಎಂಬುದನ್ನು ನನ್ನೊಬ್ಬನಿಗೇ ಬೇರೆ ಬೇರೆ ಥರ ಹೇಳಿದ್ದರು. ಅವರು ಅಲ್ಲಿ ಕೊನೆಯವರೆಗೂ ಚಪಾತಿ ಲಟ್ಟಿಸಿಕೊಂಡೇ ಇದ್ದರು, ಉಳಿದದ್ದೆಲ್ಲ ಬುರುಡೆ ಎನ್ನುವವರೂ ಊರಲ್ಲಿ ಇದ್ದರು. ಅವರ ಎದುರು ಮಾತ್ರ ಯಾರೂ ಹಾಗೆ ಅನ್ನುತ್ತಿರಲಿಲ್ಲ.

ನಾನು ಸಾಲಿಗ್ರಾಮದ ಹತ್ತಿರ ಹೆದ್ದಾರಿ ಬದಿಯಲ್ಲಿ ಯಕ್ಷಗಾನದ ಕಿರೀಟ, ಭುಜಕೀರ್ತಿ ಕಟ್ಟುವವ. ನನ್ನ ಮಳಿಗೆಯ ಹಿಂದೆಯೇ ಅವರ ತಂಗಿಯ ಮನೆ. ಆಫ್ರಿಕಾದಿಂದ ಬಂದ ಮೇಲೆ ಅವರು ಅಲ್ಲೇ ಇದ್ದರು. ಮದುವೆ ಆಗಿರಲಿಲ್ಲ. ಕೇಳಿದರೆ, "ಎರಡ್ನೇ ಸಲ ಕಾಂಕ್ ಅನ್ಸಿದ್ರೆ ಅದ್ ಸಣ್ದೇ ತಮ್ಮ. ದೊಡ್ಡದ್ದನ್ನ ಎರಡ್ನೇ ಸಲ ಕಾಂಬ್ದೇ ಬ್ಯಾಡ" ಎನ್ನುತ್ತಿದ್ದರು. ಇದು ಹುಲ್ಲೆಗೆ ಹೇಳುವ ಮಾತು, ಎರಡನೇ ಸಲ ನೋಡಬೇಕು ಅನ್ನಿಸಿದರೆ ಕೋಡು ಸಣ್ಣದೇ ಎಂದು. ಅವರಲ್ಲಿ ಹೆಣ್ಣಿಗೂ ಹಲಸಿಗೂ ಹುಲ್ಲೆಗೂ ಮಾತು ಒಂದೇ.

ಅವರ ಪ್ರೀತಿಯ ಪ್ರಾಣಿ ಕುಡು. ನಮ್ಮ ಕೃಷ್ಣಮೃಗದ ದೂರದ ಸಂಬಂಧಿ, ಆದರೆ ಗಾತ್ರದಲ್ಲಿ ಕುದುರೆ. ಕೋಡು ಬೋರ್‌ವೆಲ್ ಕೊರೆಯುವ ಬೈರಿಗೆಯ ಹಾಗೆ ಸುತ್ತಿಕೊಂಡು ಮೇಲೆ ಹೋಗುತ್ತದೆ. ಬ್ರಹ್ಮಾವರದ ಒಂದು ಮದುವೆ ಮನೆಯಲ್ಲಿ ಅವರು ಈ ಕುಡುವಿನ ಕೋಡು ವರ್ಣಿಸುತ್ತಿದ್ದಾಗ, ಬಡಿಸುತ್ತಿದ್ದ ತುಳು ಮಾತಿನ ಹೆಂಗಸೊಬ್ಬಳು ನಿಂತು ಕೇಳಿ, "ಅಣ್ಣಾ, ಕುಡು ಅಂದ್ರೆ ಹುರುಳಿ ಅಲ್ವಾ? ಹುರುಳಿಗೆ ಕೋಡು ಬರ್ತದಾ?" ಎಂದಳು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅಣ್ಣಯ್ಯ ಪಾಯಸ ಬಿಟ್ಟು ಎದ್ದು ಬಂದರು. ಆ ಮೇಲೆ ಬ್ರಹ್ಮಾವರದಿಂದ ದಕ್ಷಿಣಕ್ಕೆ ಯಾವ ಮದುವೆಗೂ ಅವರು ಹೋದದ್ದು ನನಗೆ ಗೊತ್ತಿಲ್ಲ.

ಕೋಡು ಅಳೆಯುವ ವಿದ್ಯೆಯನ್ನು ಅವರು ಯಾರು ಕೇಳಲಿ ಬಿಡಲಿ ಹೇಳುತ್ತಿದ್ದರು. ದೂರದಿಂದ ಟೇಪು ಹಿಡಿಯಲಿಕ್ಕಾಗುವುದಿಲ್ಲವಲ್ಲ, ಅದಕ್ಕೆ ಪ್ರಾಣಿಯ ಕಿವಿಯೇ ಅಳತೆಕೋಲು. ಕಿವಿ ಎಷ್ಟುದ್ದ ಎಂದು ಗೊತ್ತಿದ್ದರೆ ಅಂಥ ಎಷ್ಟು ಕಿವಿ ಕೋಡಿನಲ್ಲಿ ಹಿಡಿಸುತ್ತದೆ ನೋಡಬೇಕು. ಎದುರಿನಿಂದ ಕಂಡರೆ ಸಾಲದು, ಬದಿಯಿಂದಲೂ ಕಾಣಬೇಕು, ಸುತ್ತು ಆಳ ಇದೆಯೋ ಇಲ್ಲವೋ ತಿಳಿಯುವುದು ಆಗ. ಹಿಂದಿನಿಂದ ಮಾತ್ರ ನೋಡಲೇಬಾರದು. "ಹಿಂದಿಂದ ಕಂಡ್ರೆ ಎಲ್ಲವೂ ದೊಡ್ದೇ ಕಾಂಬುದ್. ಓಡಿ ಹೋಪುದ್ ಯಾವತ್ತೂ ದೊಡ್ಡ."

ತಂಗಿಯ ಮಗಳನ್ನು ನೋಡಲು ಹೆಮ್ಮಾಡಿಯಿಂದ ಗಂಡಿನ ಕಡೆಯವರು ಬಂದಾಗ ಅಣ್ಣಯ್ಯ ಮಹಡಿಯ ಕಿಟಕಿಯಲ್ಲಿ ದುರ್ಬೀನು ಹಿಡಿದು ನಿಂತಿದ್ದರು. ಗಂಡು ಕಾರಿನಿಂದ ಇಳಿಯುತ್ತಲೇ ಮೇಲಿನಿಂದ ಕೂಗಿದರು: "ಹ್ವಾಯ್, ಹಾಂಗೇ ನಿಲ್ಲಿ! ಸ್ವಲ್ಪ ಬದಿಗ್ ತಿರ್ಗಿ ಕಾಂಬ!" ಗಂಡು ಗಾಬರಿಯಿಂದ ತಿರುಗಿ ನಿಂತ. ಅಣ್ಣಯ್ಯ ಸಾವಕಾಶ ನೋಡಿ, ಒಳಗಿದ್ದ ತಂಗಿಗೆ ಕೇಳುವ ಹಾಗೆ, "ಅಡ್ಡಿಲ್ಲೆ. ಆರೆ ಇನ್ನೆರ್ಡ್ ವರ್ಷ ಬಿಡ್ಕ್. ಇನ್ನೂ ಬೆಳಿತ್ತ್" ಎಂದರು. ಗಂಡಿಗೆ ಮೂವತ್ತು ದಾಟಿ ಎಷ್ಟೋ ಆಗಿತ್ತು, ತಲೆಯ ಹಿಂದೆ ಬೊಕ್ಕ. ತಂಗಿ ತಲೆಯ ಮೇಲೆ ಕೈಹೊತ್ತು ಕುಳಿತರು. ಹುಡುಗಿಗೆ ನಗೆ ತಡೆಯಲಾಗಲಿಲ್ಲ. ಅವಳ ನಗೆ ಕೇಳಿ ಗಂಡೂ ನಕ್ಕ. ಸಂಬಂಧ ಕೂಡಿತು. ಅಣ್ಣಯ್ಯ ಮದುವೆಯ ದಿನವೂ "ನಾ ಹೇಳ್ದಾಂಗ್ ಕಾಯ್ದಿದ್ರೆ ಇನ್ನೂ ಒಳ್ಳೇದ್ ಆತಿತ್ತ್" ಎನ್ನುತ್ತಲೇ ಇದ್ದರು.

ಇಷ್ಟೆಲ್ಲ ಜಂಬ ಇದ್ದ ಮೇಲೆ ಅವರ ಕಣ್ಣಳತೆ ಯಾವಾಗಲೂ ಸರಿ ಇರುತ್ತಿತ್ತು ಎಂದುಕೊಳ್ಳಬೇಡಿ. ನಾನು ಕಟ್ಟಿದ ಕಿರೀಟವನ್ನು ಹೆದ್ದಾರಿಯ ಆಚೆ ಬದಿಯಿಂದ ನೋಡಿ ಇಷ್ಟು ಇಂಚು ಎಂದು ಕೂಗಿ ಹೇಳುವರು. ನಾನು ಟೇಪು ಹಿಡಿದರೆ ಎಷ್ಟೋ ಸಲ ಒಂದು ಗೇಣು ಆಚೆ ಈಚೆ. ಆಗ ಎರಡು ಉತ್ತರ ತಯಾರಿರುತ್ತಿದ್ದವು. ಒಂದು, "ನಿನ್ನ ಟೇಪ್ ಎಳ್ದಿತ್ತ್." ಇನ್ನೊಂದು, "ನೆಲಕ್ ಬಿದ್ದ್ ಮೇಲ್ ಎಲ್ಲವೂ ಕುಗ್ಗತ್ತ್ ತಮ್ಮ." ಬೇಟೆಗಾರರಿಗೆ ಇದು ಗೊತ್ತಿರುವ ಸಂಗತಿಯಂತೆ. ನಿಂತಿದ್ದಾಗ ಭಾರೀ ಕಂಡ ಪ್ರಾಣಿ, ಹೊಡೆದು ಹತ್ತಿರ ಹೋದರೆ ಸಣ್ಣದಾಗಿರುತ್ತದೆ. ಮೀನಿನ ಮಾರ್ಕೆಟ್ಟಿನಲ್ಲೂ ಅಂಜಲ್ ಮೀನನ್ನು ಇದೇ ನ್ಯಾಯದಲ್ಲಿ ಚೌಕಾಸಿ ಮಾಡಹೋಗಿ, "ನಿಮ್ಮ್ ಆಫ್ರಿಕಾ ಅಲ್ಲೇ ಇಟ್ಕಣಿ, ಮೀನ್ ಬೇಕಾ ಬ್ಯಾಡ್ದಾ?" ಎಂದು ಹೇಳಿಸಿಕೊಂಡಿದ್ದರು.

ಈಗ ತಲೆಯ ವಿಷಯಕ್ಕೆ ಬರುತ್ತೇನೆ.

ಬಿಜೂರಿನ ಕಡೆ ಒಬ್ಬರು, ಮುಂಬಯಿಯಲ್ಲಿ ಹೋಟೆಲು ನಡೆಸಿ ಬಂದವರು, ಗದ್ದೆಗಳ ನಡುವೆ ಒಂದು ರೆಸಾರ್ಟು ಮಾಡಿದರು. ಸಮುದ್ರ ಹತ್ತಿರವೇ ಇದ್ದರೂ ಅವರಿಗೆ ಊಟದ ಹಾಲಿನಲ್ಲಿ ಕಾಡಿನ ಕಳೆ ಬೇಕಿತ್ತು. ಒಂದು ದಿನ ನನ್ನ ಮಳಿಗೆಗೆ ಬಂದು, "ಏಕ್‌ದಂ ಅಸಲಿ ಕಾಂಬಂಥ ಒಂದ್ ಪ್ರಾಣಿ ತಲೆ ಮಾಡಿ ಕೊಡಿ ಮಾರಾಯ್ರೆ, ಗೋಡೆಗ್ ಹಾಕುಕೆ" ಎಂದರು. ಯಾವ ಪ್ರಾಣಿ ಎಂದು ನಾನು ಕೇಳುವ ಮೊದಲೇ ಅಲ್ಲಿ ಬೆಂಚಿನ ಮೇಲೆ ಕೂತಿದ್ದ ಅಣ್ಣಯ್ಯ, "ಕುಡು" ಎಂದರು. ಮೊಬೈಲಿನಲ್ಲಿ ಫೋಟೋ ತೋರಿಸಿದ್ದೂ ಅವರೇ.

ನಾನು ಬೆತ್ತ ಸುತ್ತಿ ಕೋಡಿನ ಹಂದರ ಕಟ್ಟಿದೆ. ಹಳೆಯ ಪೇಪರು ನೆನೆಸಿ ಅರೆದು, ಹುಣಸೆಬೀಜದ ಅಂಟು ಹಾಕಿ ಮೆತ್ತಿದೆ, ಕಪ್ಪು ಬಣ್ಣ ಕೊಟ್ಟು ಉಜ್ಜಿದೆ. ಕುತ್ತಿಗೆಯೊಳಗೆ ಪೇಪರನ್ನು ಅರೆಯದೆ ಇಡಿಯಾಗಿಯೇ ತುಂಬಿದೆ. ಕಂದು ಮಖಮಲ್ಲಿನಲ್ಲಿ ಚರ್ಮ ಹೊಲಿದದ್ದು ನನ್ನ ಹೆಂಡತಿ. ಕಣ್ಣಿಗೆ ಗಾಜಿನ ಗೋಲಿ. ವರ್ಷಗಟ್ಟಲೆ ರಾಕ್ಷಸ ವೇಷಕ್ಕೆ ಕಿರೀಟ ಕಟ್ಟಿದ ಕೈ ನೋಡಿ, ಹುಲ್ಲು ತಿನ್ನುವ ಪ್ರಾಣಿಯ ಮುಖದಲ್ಲೂ ಸ್ವಲ್ಪ ಬಣ್ಣದ ವೇಷದ ಆರ್ಭಟ ಬಂದಿತ್ತು. ಆದರೂ ನನಗೆ ಹೆಮ್ಮೆಯೇ. ಮುಗಿದ ದಿನ ಅಣ್ಣಯ್ಯ ಹೆದ್ದಾರಿಯ ಆಚೆ ಹೋಗಿ ನಿಂತು, ಎರಡು ಬಸ್ಸು ಹಾದುಹೋಗುವ ತನಕ ನೋಡಿ, "ಐವತ್ತೇಳ್ ಇಂಚ್!" ಎಂದು ಕೂಗಿದರು. ಹೆಂಡತಿ ಸಂತೋಷದಿಂದ ಅವರಿಗೂ ನನಗೂ ಚಹಾ ತಂದಳು.

ತಲೆ ಗೋಡೆ ಏರಿತು. ಅಣ್ಣಯ್ಯನೂ ಅದರ ಜೊತೆ ಹೋದರು ಅನ್ನಬೇಕು. ಶನಿವಾರ ಸಂಜೆಯಾದರೆ ಬಸ್ಸು ಹತ್ತಿ ರೆಸಾರ್ಟಿಗೆ ಹೋಗಿ, ಆ ತಲೆಯ ಕೆಳಗೆ ಕುರ್ಚಿ ಹಾಕಿಸಿ, ಬಂದ ಅತಿಥಿಗಳಿಗೆ ಅದರ ಬೇಟೆಯ ಕಥೆ ಹೇಳುವರು. ಒಣಗಿದ ಹೊಳೆ, ಮುಳ್ಳಿನ ಪೊದೆ, ಗಾಳಿ ಯಾವ ಕಡೆಯಿಂದ, ಹೊಡೆಯಲು ಬಂದ ಸಾಹುಕಾರ ಹೇಗೆ ಅವಸರ ಮಾಡುತ್ತಿದ್ದ, ತಾವು ಹೇಗೆ ಅದರ ಕಿವಿಯ ಅಳತೆ ಹಿಡಿದು ಐವತ್ತೇಳು ಎಂದು ಪಿಸುಗುಟ್ಟಿದರು. ನಾನೂ ಒಮ್ಮೆ ಕೂತು ಕೇಳಿದೆ. ನಾನೇ ಪೇಪರು ಅರೆದು ಮಾಡಿದ ಪ್ರಾಣಿ, ಗುಂಡು ತಾಗಿ ಮೊಣಕಾಲೂರಿದಾಗ ನಾನು ಕುರ್ಚಿಯಿಂದ ಅರ್ಧ ಎದ್ದುಬಿಟ್ಟಿದ್ದೆ. ಮಾಲೀಕರು ಅವರಿಗೆ ಊಟ ಕೊಡುತ್ತಿದ್ದರು. ಆದರೆ ಅವರು ಊಟಕ್ಕೆ ಹೋಗುತ್ತಿದ್ದವರಲ್ಲ. ಊರಲ್ಲಿ ಯಾರೂ ಪೂರ್ತಿ ಕೇಳದ ಮಾತನ್ನು ಅಲ್ಲಿ ಜನ ಬಾಯಿ ಬಿಟ್ಟು ಕೇಳುತ್ತಿದ್ದರು.

ಅತಿಥಿಗಳಲ್ಲಿ ಯಾರೋ ಫೋಟೋ ತೆಗೆದು ಹಂಚಿದರು. ಅದು ಊರೂರು ಸುತ್ತಿ, ಒಂದು ಭಾನುವಾರ ಬೆಳಿಗ್ಗೆ ಅರಣ್ಯ ಇಲಾಖೆಯ ಜೀಪು ರೆಸಾರ್ಟಿನ ಅಂಗಳಕ್ಕೆ ಬಂತು. ಅಣ್ಣಯ್ಯ ಹಿಂದಿನ ದಿನದ ಮಳೆಗೆ ಬಸ್ಸು ಸಿಗದೆ ಅಲ್ಲೇ ಉಳಿದಿದ್ದರು. ಹೆದರಿದ ಮಾಲೀಕರು ನನಗೆ ಫೋನು ಮಾಡಿದರು. ನಾನು ಹೋಗಿ ಮುಟ್ಟುವಾಗ ತಲೆಯನ್ನು ಗೋಡೆಯಿಂದ ಇಳಿಸಿ ಊಟದ ಮೇಜಿನ ಮೇಲೆ ಇಟ್ಟಿದ್ದರು. ಸುತ್ತ ಅತಿಥಿಗಳು, ಕೈಯಲ್ಲಿ ಮೊಬೈಲು. ಹಿಂದಿನ ಸಂಜೆ ಕಥೆ ಕೇಳಿದವರೇ ಎಲ್ಲರೂ.

ಅಧಿಕಾರಿ ಸಮಾಧಾನದ ಮನುಷ್ಯ. "ನೋಡಿ, ಇದು ಅಸಲಿಯಾ ನಕಲಿಯಾ ಅಷ್ಟೇ ಹೇಳಿ" ಎಂದರು.

"ನಕಲಿ ಸರ್, ನಾನೇ ಕಟ್ಟಿದ್ದ್" ಎಂದೆ ನಾನು.

"ಅಸಲಿ" ಎಂದರು ಅಣ್ಣಯ್ಯ.

ನಾನು ಅವರ ಮುಖ ನೋಡಿದೆ. ಅವರು ನನ್ನನ್ನು ನೋಡಲಿಲ್ಲ. ಟೋಪಿ ಸರಿಮಾಡಿಕೊಂಡು, "ಐವತ್ತೇಳ್ ಇಂಚ್. ಅಳ್ದದ್ದ್ ನಾನ್" ಎಂದರು.

"ಅಣ್ಣಯ್ಯ, ಎಂತ ಹೇಳ್ತ್ರಿ? ನನ್ನ್ ಮಳಿಗೆಯಂಗ್ ಕೂತ್ಕಂಡ್ ಕಂಡದ್ದಲ್ದಾ ನೀವ್!"

"ಇಂಥದ್ದನ್ನ ಕಟ್ಟುಕೆ ನಿನ್ನಿಂದ ಆತ್ತಾ?" ಎಂದು ನನ್ನ ಮೇಲೆಯೇ ರೇಗಿದರು.

ಅಧಿಕಾರಿ ಕೋಡಿಗೆ ಬೆರಳು ಬಡಿದು ನೋಡಿದರು. ಡಬ್ ಡಬ್ ಎಂದಿತು. "ಟೊಳ್ಳು ಇದೆಯಲ್ರೀ?"

"ಕುಡು ಕೋಡ್ ಟೊಳ್ಳೇ ಸರ್. ಅದ್ರಂಗ್ ಊದಿ ಕಹಳೆ ಮಾಡ್ತ್ರ್ ಅಲ್ಲಿ" ಎಂದರು ಅಣ್ಣಯ್ಯ. ಅದು ನಿಜವಂತೆ.

ನಾನು ಒಡೆದು ತೋರಿಸುತ್ತೇನೆ ಎಂದು ಕೈ ಹಾಕಿದರೆ ಅಧಿಕಾರಿ ತಡೆದು, ಚರ್ಮ ಮಖಮಲ್ಲಿನದಾದರೂ ಕೋಡು ಅಸಲಿ ಇರಬಹುದಲ್ಲ ಎಂದರು. ಅಸಲಿಯಾದರೆ ಸಾಕ್ಷ್ಯ ನಾಶ ಆಗುತ್ತದೆ, ನಕಲಿಯಾದರೆ ಒಡೆಯುವ ಅಗತ್ಯವೇ ಇಲ್ಲ ಎಂಬುದು ಅವರ ನ್ಯಾಯ. ಒಬ್ಬ ನಕಲಿ ಎಂದು, ಇನ್ನೊಬ್ಬ ಅಸಲಿ ಎಂದು ಹೇಳಿಕೆ ಕೊಟ್ಟರೆ ತಲೆಯನ್ನು ದೂರದ ಲ್ಯಾಬಿಗೆ ಕಳಿಸಲೇಬೇಕು. ಅವರು ಅಣ್ಣಯ್ಯನ ಹೇಳಿಕೆ ಬರೆಯಲು ಕುಳಿತರು. ಊರು, ಪ್ರಾಯ ಆದ ಮೇಲೆ "ವೃತ್ತಿ?" ಎಂದು ಕೇಳಿದರು.

"ಕಾಂಬುದ್" ಎಂದರು ಅಣ್ಣಯ್ಯ.

"ಏನು?"

"ನೋಡುವುದು ಸರ್" ಎಂದು ನಾನು ತರ್ಜುಮೆ ಮಾಡಿದೆ. ಅಧಿಕಾರಿ ಹಾಗೆಯೇ ಬರೆದುಕೊಂಡರು.

ಆಮೇಲೆ ಅಧಿಕಾರಿ ಪೆನ್ನನ್ನು ನನ್ನ ಕಡೆ ತಿರುಗಿಸಿದರು. ಅಸಲಿ ಎಂದಾದರೆ, ತಂದವರ ಜೊತೆಗೆ ಅದನ್ನು ಸಿದ್ಧ ಮಾಡಿದವರೂ ಆರೋಪಿಗಳೇ. ನಾನೂ ಬರಬೇಕು. ಚರ್ಮ ಹೊಲಿದದ್ದು ಯಾರು ಎಂದು ಕೇಳಿದರು. ಗಾಬರಿಯಲ್ಲಿದ್ದ ಮಾಲೀಕರು, "ಇವ್ರ ಹೆಂಡ್ತಿ" ಎಂದುಬಿಟ್ಟರು.

ಅಣ್ಣಯ್ಯ ಒಮ್ಮೆ ನನ್ನನ್ನು, ಒಮ್ಮೆ ಮೊಬೈಲು ಹಿಡಿದು ನಿಂತ ಅತಿಥಿಗಳನ್ನು ನೋಡಿದರು. ನಕಲಿ ಎಂದರೆ ಹಿಂದಿನ ಸಂಜೆಯ ಒಣಹೊಳೆ, ಮುಳ್ಳುಪೊದೆ, ಪಿಸುಮಾತು ಎಲ್ಲ ಸುಳ್ಳು. ಊರಲ್ಲಿ ಚಪಾತಿ ಲಟ್ಟಿಸುತ್ತಿದ್ದ ಎನ್ನುವವರ ಮಾತೇ ಗೆದ್ದ ಹಾಗೆ.

"ಸರ್," ಎಂದರು, "ಮೇಜಿನ್ ಮೇಲ್ ಇಟ್ಟ್ ಹೇಳುಕೆ ಇದೇನ್ ಬಾಳೆಗೊನೆ ಅಲ್ಲ. ಗದ್ದೆಯಂಗೆ ನಿಲ್ಸಿ. ದೂರ್ದಿಂದ ಕಾಂಕ್."

ಅಧಿಕಾರಿ ಯಾಕೆ ಒಪ್ಪಿದರೋ ಗೊತ್ತಿಲ್ಲ. ಬಹುಶಃ ಅವರಿಗೂ ಆ ಭಾನುವಾರ ಬೇಗ ಮುಗಿದರೆ ಸಾಕಿತ್ತು. ರೆಸಾರ್ಟಿನ ಬಡಿಸುವವನೊಬ್ಬ ತಲೆಯನ್ನು ಎತ್ತಿಕೊಂಡು, ನೆಟ್ಟ ಭತ್ತದ ಗದ್ದೆಯ ಬದುವಿನ ಮೇಲೆ ಜಾರುತ್ತ ಹೋಗಿ, ದೂರದಲ್ಲಿ ಒಂದು ಪೊದೆಯ ಹಿಂದೆ ಕೂತು ತಲೆಯನ್ನಷ್ಟೇ ಮೇಲೆ ಹಿಡಿದ. ಹಸಿರು ಪೈರಿನ ನಡುವೆ ನನ್ನ ರಾಕ್ಷಸಮುಖದ ಹುಲ್ಲೆ ಎದ್ದು ನಿಂತಿತು. ಬೆಳ್ಳಕ್ಕಿಗಳು ಹಾರಿಹೋದವು. ಅಲ್ಲೇ ಮೇಯುತ್ತಿದ್ದ ದನವೊಂದು ತಲೆಯೆತ್ತಿ ನೋಡಿ, ಹಗ್ಗ ಕಿತ್ತುಕೊಂಡು ಓಡಿತು. ಅಂಗಳದಲ್ಲಿ ಸಮವಸ್ತ್ರದವರು, ಅತಿಥಿಗಳು, ಮಾಲೀಕರು, ನಾನು ಎಲ್ಲರೂ ಉಸಿರು ಹಿಡಿದು ಸಾಲಾಗಿ ಬಗ್ಗಿ ನಿಂತಿದ್ದೆವು. ಬಗ್ಗಿ ಎಂದು ಯಾರೂ ಹೇಳಿರಲಿಲ್ಲ.

ಅಣ್ಣಯ್ಯ ದುರ್ಬೀನು ಕಣ್ಣಿಗಿಟ್ಟು ಬಹಳ ಹೊತ್ತು ನೋಡಿದರು. ಅಧಿಕಾರಿ ತಾನಾಗಿ ದನಿ ತಗ್ಗಿಸಿ, "ಏನಂತೀರಿ?" ಎಂದರು.

"ಹೊಡುಕಾಗ" ಎಂದರು ಅಣ್ಣಯ್ಯ, ಕಣ್ಣು ತೆಗೆಯದೆ.

"ಹೊಡೆಯೋದಿಲ್ಲ. ಅಸಲಿಯಾ?"

"ಸರ್, ಎರ್ಡೂ ಕೋಡ್ ಒಂದೇ ಬದಿಗ್ ತಿರ್ಗಿತ್ತ್. ದೇವ್ರ್ ಕೋಡ್ ಸುತ್ತುವಾಗ ಒಂದನ್ನ ಬಲಕ್ಕ್, ಒಂದನ್ನ ಎಡಕ್ಕ್ ಸುತ್ತುತ್ತ. ಇಂಥಾ ಪ್ರಾಣಿ ಭೂಮಿ ಮೇಲಿಲ್ಲೆ." ದುರ್ಬೀನು ಇಳಿಸಿ, ಅತಿಥಿಗಳ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ನಿನ್ನೆ ನಾ ಹೇಳ್ದದ್ದ್ ಲಾಯ್ಕ್ ಇತ್ತಲ್ದಾ? ಆರೆ ಅದ್ ಈ ತಲೆದ್ದಲ್ಲ. ಈ ತಲೆ ಇವ್ನ್ ಕಟ್ಟಿದ್ದ್."

ಅಧಿಕಾರಿ ಮೊಬೈಲಿನಲ್ಲಿ ನಿಜವಾದ ಕುಡುವಿನ ಚಿತ್ರ ತೆಗೆದು, ಬದು ದಾಟಿ ಹೋಗಿ, ಎರಡನ್ನೂ ಅಕ್ಕಪಕ್ಕ ಹಿಡಿದರು. ಹೌದು. ನಾನು ಎರಡೂ ಬೆತ್ತವನ್ನು ಒಂದೇ ಗೂಟಕ್ಕೆ, ಒಂದೇ ಕಡೆಗೆ ಸುತ್ತಿದ್ದೆ. ಇಬ್ಬರ ಹೇಳಿಕೆಯೂ ಒಂದೇ ಆದ ಮೇಲೆ ಅವರು ಹುಲ್ಲೆಯ ಕುತ್ತಿಗೆಯ ಹಿಂದೆ ಹೊಲಿಗೆ ಒಂದಿಷ್ಟು ಬಿಚ್ಚಲು ನನ್ನನ್ನು ಬಿಟ್ಟರು. ಒಳಗಿನಿಂದ ವಧುವರರ ಜಾಹೀರಾತಿನ ಪುಟ ಬಂತು. ಅಧಿಕಾರಿ ಅದನ್ನು ಪೂರ್ತಿ ಓದಿದರು. ತಲೆಯನ್ನು ವರದಿಗೆಂದು ಜೀಪಿನಲ್ಲಿಟ್ಟು, ನಮ್ಮನ್ನು ಮನೆಗೆ ಹೋಗಿ ಎಂದರು.

ಬಸ್ಸಿನಲ್ಲಿ ನಾವಿಬ್ಬರೂ ಪಕ್ಕಪಕ್ಕ ಕೂತೆವು. ಹೆಮ್ಮಾಡಿ ದಾಟುತ್ತಲೇ ನಾನು ಕೇಳಿದೆ: "ಅಣ್ಣಯ್ಯ, ಕೋಡ್ ತಪ್ಪಿದ್ದ್ ಇವತ್ತ್ ಗೊತ್ತಾದ್ದಾ?"

"ಸುರೂವಿನ ದಿನವೇ ನಾ ಕಂಡಿದೆ. ಹೆದ್ದಾರಿ ಆಚಿಂದ."

"ಮತ್ತ್ ಹೇಳ್ಲಿಲ್ಲ ಎಂತಕೆ?"

"ನಿನ್ನ್ ಹೆಂಡ್ತಿ ಚಾ ತಕಂಡ್ ಬಂದ್ಲಲೆ" ಎಂದರು. ಹಾಗೆಂದು ಕಿಟಕಿಯ ಹೊರಗೆ ನೋಡತೊಡಗಿದರು. ಕಂಡದ್ದನ್ನೆಲ್ಲ ಕೂಗಿ ಹೇಳುವ ಮನುಷ್ಯ ಇದೊಂದನ್ನು ಅಷ್ಟು ತಿಂಗಳು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದರು.

ಅವರು ಇನ್ನು ಬಿಜೂರಿಗೆ ಹೋಗಲಿಕ್ಕಿಲ್ಲ ಎಂದು ನಾನು ಎಣಿಸಿದ್ದೆ. ಮುಂದಿನ ಶನಿವಾರ ಮಧ್ಯಾಹ್ನವೇ ಟೋಪಿ ಹಾಕಿ ಹೊರಟರು. ಮನಸ್ಸು ತಡೆಯದೆ ನಾನೂ ಹಿಂದೆ ಹೋದೆ. ಹಾಲಿನ ಗೋಡೆಯಲ್ಲಿ ತಲೆ ಇದ್ದಲ್ಲಿ ದೊಡ್ಡ ಮೊಳೆಯೊಂದೇ ಉಳಿದಿತ್ತು. ಅಣ್ಣಯ್ಯ ಅದರ ಕೆಳಗೆ ಕುರ್ಚಿ ಹಾಕಿಸಿ ಕೂತರು. ಆ ದಿನದ ಅತಿಥಿಗಳು ಶಿವಮೊಗ್ಗ ಕಡೆಯವರು, ಹಿಂದಿನದೊಂದೂ ತಿಳಿಯದವರು.

ಅಣ್ಣಯ್ಯ ಶುರು ಮಾಡಿದರು. ಅದೇ ಒಣಹೊಳೆ, ಅದೇ ಮುಳ್ಳುಪೊದೆ. ಆದರೆ ಈ ಸಲ ಪೊದೆಯ ಹಿಂದಿನಿಂದ ಎದ್ದದ್ದು ಎರಡೂ ಕೋಡು ಒಂದೇ ಕಡೆಗೆ ತಿರುಗಿದ ಕುಡು. ಮುಖದಲ್ಲಿ ರಾಕ್ಷಸ ಕಳೆ. ಲೋಕದಲ್ಲಿ ಅಂಥದ್ದು ಅದೊಂದೇ. ಸಾಹುಕಾರ ಬಂದೂಕು ಎತ್ತಿದ. ಎಷ್ಟು ಇಂಚು, ಬೇಗ ಹೇಳು ಎಂದ. ಅಣ್ಣಯ್ಯ ನೋಡಿದರು, ಮತ್ತೆ ನೋಡಿದರು, "ಸಣ್ಣದು, ಬಿಡಿ" ಎಂದರು. ಸಾಹುಕಾರ ಬಂದೂಕು ಇಳಿಸಿದ. ಅದು ಸಾವಕಾಶ ನಡೆದು ಹೋಯಿತು.

ಕೇಳುತ್ತಿದ್ದ ಹೆಂಗಸೊಬ್ಬಳು ತಟ್ಟೆ ಬದಿಗಿಟ್ಟು ಕೇಳಿದಳು, "ಅಂಕಲ್, ನಿಜವಾಗಿ ಎಷ್ಟು ಇಂಚಿತ್ತು?"

ನಾನು ಐವತ್ತೇಳು ಎಂಬ ಮಾತಿಗೆ ಕಾದೆ.

"ಅಳತೆ ಮಾಡ್ಲಿಲ್ಲ ಮಾರಾಯ್ತಿ" ಎಂದರು ಅಣ್ಣಯ್ಯ. "ಅಳತೆ ಹಿಡಿಕಾರೆ ಮೊದ್ಲ್ ಅದನ್ನ ಕೊಲ್ಕ್ ಅಲ್ದಾ?"

ಅವಳು ತಲೆಯೆತ್ತಿ ಗೋಡೆಯ ಮೊಳೆಯನ್ನು ನೋಡಿದಳು. ಒಬ್ಬೊಬ್ಬರಾಗಿ ಎಲ್ಲರೂ ನೋಡಿದರು. ಕೊನೆಗೆ ನಾನೂ ನೋಡಿದೆ.